ಏಳು ಅಂಕ ಗಳಿಸಿದ ಅತ್ತೆ

ನನ್ನ ಅತ್ತೆಗೆ, ಅಂದರೆ ಗಂಡನ ತಾಯಿಗೆ, ಬಾಯಿ ಜೋರು. ಇಪ್ಪತ್ತೆರಡು ವರ್ಷದಿಂದ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಿದ್ದಾರೆ. ನಾನೂ ಅಲ್ಲೇ ಎದುರು ಕೂತು ಹಾಳೆ ಮಡಚುತ್ತೇನೆ. ಮನೆಯಲ್ಲಿ ಬೈದು ಉಳಿದದ್ದು ಅಲ್ಲಿ ಸಿಗುತ್ತದೆ. ಆದರೂ ಅವರಿಲ್ಲದ ಆ ಮೇಜನ್ನು ನೆನೆಸಿಕೊಂಡರೆ ನನಗೆ ಸಂಕಟವಾಗುತ್ತದೆ.

ಮೇಜು ತೀರಾ ತಗ್ಗು. ಬಗ್ಗಿ ಬಗ್ಗಿ ಅತ್ತೆಯ ಕುತ್ತಿಗೆ ಕೆಟ್ಟಿತ್ತು. ಮೇಜು ಎತ್ತರವಾಗದಿದ್ದರೆ ಕೆಲಸ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

"ಮನೇಲಿ ಕೂತ್ಕೊಂಡು ಯಾರ ತಲೆ ತಿನ್ಲಿ?" ಎಂದರು ಅತ್ತೆ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು.

ಕೂರುವ ಭಂಗಿ ಪರೀಕ್ಷಿಸುವವರು ಅಪಾಯವಿದೆ ಎಂದು ಬರೆದುಕೊಟ್ಟರೆ ಮೇಜು ಎತ್ತರಿಸುತ್ತೇನೆ ಎಂದು ಮಾಲೀಕರು ಒಪ್ಪಿದರು. ಪರೀಕ್ಷಕಿ ಬಂದರು. ಕುತ್ತಿಗೆ, ಬೆನ್ನು, ಮಣಿಕಟ್ಟು ಎಷ್ಟು ಬಾಗಿವೆ ಎಂದು ನೋಡಿ ಅಂಕ ಹಾಕುವುದು ಅವರ ಕೆಲಸ. ಒಂದು ಬಂದರೆ ಕ್ಷೇಮ, ಏಳು ಬಂದರೆ ಅಪಾಯ. ನಮ್ಮವರ ಬುದ್ಧಿ ನೋಡಿ! ಹೊರಗಿನವರು ನೋಡುತ್ತಿದ್ದಾರೆಂದು ಎಲ್ಲರೂ ತಲೆ ಬಾಚಿಕೊಂಡು ಫೋಟೋಗೆ ಕೂತಂತೆ ನೆಟ್ಟಗೆ ಕೂತರು. ಅತ್ತೆಯಂತೂ ಕೋಲು ನುಂಗಿದ ಹಾಗಿದ್ದರು. ಒಂದು ಗಂಟೆ ನೋಡಿದ ಮೇಲೆ ಅವರಿಗೆ ಬಂದದ್ದು ಎರಡೇ ಅಂಕ.

ಅಪಾಯವಿಲ್ಲ ಎಂದು ಕೇಳಿದ್ದೇ ಅತ್ತೆ ಇಂಗು ತಿಂದ ಮಂಗನಂತಾದರು. ಅಷ್ಟರಲ್ಲಿ ಮಾಲೀಕರು ಬಂದು ಹೊಲಿದ ಪುಸ್ತಕಗಳನ್ನು ಎಣಿಸಿದರು.

"ಏನಮ್ಮಾ, ಗಂಟೆಗೆ ನಲವತ್ತು ಮುಗಿಸೋರು, ಇವತ್ತು ಬರೀ ಹನ್ನೊಂದು?"

"ಈ ಮೇಜಲ್ಲಿ ನೆಟ್ಟಗೆ ಕೂತ್ರೆ ತೂತು ಕಾಣಲ್ಲ, ಕೈಯೂ ಎಟಕಲ್ಲ ಯಜಮಾನ್ರೇ. ಹನ್ನೊಂದು ಸಾಕಾ, ಹೇಳಿ. ನಾಳೆಯಿಂದ ಹೀಗೇ ಕೂತ್ಕೋತೀನಿ!"

ಮಾಲೀಕರು ಪೆಚ್ಚಾದರು. ಪರೀಕ್ಷಕಿ ನಗುತ್ತಾ ಫಾರಂ ಹರಿದು ಹೊಸದು ತೆಗೆದರು. "ನಾನಿಲ್ಲ ಅಂದ್ಕೊಂಡು ಹೊಲೀರಿ."

ಅತ್ತೆ ಬಗ್ಗಿದರು. ಮೂಗು ಇನ್ನೇನು ಹಾಳೆಗೆ ತಾಗಬೇಕು, ಅಷ್ಟು. ಸೂಜಿ ಸರಸರ ಓಡಿತು.

"ಏಳು," ಎಂದರು ಪರೀಕ್ಷಕಿ. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಹೀಗೇ ಕೂತಿದ್ರಾ? ನೋವಾಗ್ಲಿಲ್ವಾ?"

ದಿನಾ ಎದುರಿಗೆ ಕೂರುವ ನಾನು ಒಮ್ಮೆಯೂ ಹೀಗೆ ಕೇಳಿರಲಿಲ್ಲ. ನಾಚಿಕೆಯಾಯಿತು. ಅತ್ತೆಯ ಮಾತು ತಡವರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆಗತ್ತಮ್ಮ," ಎಂದರು. "ತುಂಬಾ."

ಮಾಲೀಕರು ಆಗಲೇ ಬಡಗಿಗೆ ಫೋನ್ ಹಚ್ಚಿ, ತಮ್ಮ ಸೊಂಟದ ಮೇಲೆ ಕೈಯಿಟ್ಟು ಎತ್ತರ ಹೇಳುತ್ತಿದ್ದರು. ಅತ್ತೆ ಕಣ್ಣೊರೆಸಿಕೊಂಡು, ಕೂತಲ್ಲೇ ಕೈ ಮಡಚಿ ತೋರಿಸಿ ಗದರಿದರು:

"ಅಳತೆ ನನ್ನ ಮೊಣಕೈದು! ಹೊಲಿಯೋಳು ನಾನು."