ತೇಪೆ ಅಕ್ಕನಿಗೆ ಸಿಕ್ಕ ಕಿಟಕಿ

ನನ್ನ ದೊಡ್ಡಮ್ಮ ಆಸ್ಪತ್ರೆಯೊಂದರಲ್ಲಿ ಎಷ್ಟೋ ವರ್ಷದಿಂದ ಹರಿದ ಬಟ್ಟೆ ಹೊಲಿಯುತ್ತಾಳೆ. ಬೆಡ್‌ಶೀಟು, ಪರದೆ, ದಿಂಬಿನ ಚೀಲ, ಏನು ಹರಿದರೂ ಅವಳ ಮೇಜಿಗೇ ಬರಬೇಕು. ಕಾಗದದಲ್ಲಿ ಅದಕ್ಕೆ ‘ವಸ್ತ್ರ ದುರಸ್ತಿ ವಿಭಾಗ’ ಎಂಬ ಘನವಾದ ಹೆಸರಿದೆ. ಜನರ ಬಾಯಲ್ಲಿ ಅದು ತೇಪೆ ರೂಮು, ಅವಳು ತೇಪೆ ಅಕ್ಕ. ವಿಭಾಗದಲ್ಲಿ ಇರುವುದು ಅವಳೊಬ್ಬಳೇ ಆದ್ದರಿಂದ ರಜೆ ಕೇಳುವವಳೂ ಅವಳೇ, ಆಗುವುದಿಲ್ಲ ಎನ್ನುವವಳೂ ಅವಳೇ.

ತೇಪೆ ರೂಮು ಮೊದಲ ಇಪ್ಪತ್ತೆರಡು ವರ್ಷ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ತಲೆಯ ಮೇಲೆ ಇಡೀ ಕಟ್ಟಡದ ನೀರಿನ ಪೈಪು. ಅದು ಸೋರಿದಾಗಲೆಲ್ಲ ಪ್ಲಂಬರ್ ಬಂದು ರಬ್ಬರ್ ಪಟ್ಟಿ ಸುತ್ತಿ ಹೋಗುತ್ತಿದ್ದ. ನಾನು ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದ ಕಾಲ ಅದು. ಸಂಜೆ ಅವಳು ಬಂದವಳೇ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಅವಳ ಸ್ವಭಾವವೇ ಸಿಡುಕು ಎಂದು ನಾನು ತಿಳಿದಿದ್ದೆ.

ಒಂದು ದಿನ ಪೈಪು ಪೂರ್ತಿ ಒಡೆದು ರೂಮಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಹೊಲಿಗೆ ಮೆಷಿನ್ ಸಮೇತ ಅವಳನ್ನು ತಾತ್ಕಾಲಿಕವಾಗಿ ಮೂರನೇ ಮಹಡಿಗೆ ಸಾಗಿಸಿದರು. ಅಲ್ಲಿ ದೊಡ್ಡ ಕಿಟಕಿ. ಹೊರಗೆ ಒಂದು ಮರ, ಆಚೆ ಮನೆಯ ತಾರಸಿ, ತಾರಸಿಯ ಮೇಲೆ ಬಿಸಿಲು ಕಾಯುವ ಬೆಕ್ಕು.

ಮೊದಲ ವಾರ ಕೆಲಸವೇ ಸಾಗಲಿಲ್ಲ. ಗಂಟು ಹೊತ್ತು ತರುವ ಲಾಂಡ್ರಿಯವನು ರೇಗಿಸಿದ:

“ಏನ್ ತೇಪೆ ಅಕ್ಕಾ, ಕಿಟಕಿ ಸಿಕ್ತು ಅಂತ ಸೂಜಿ ಕೈಬಿಟ್ರಾ?”

“ಇಪ್ಪತ್ತೆರಡು ವರ್ಷದ ಆಕಾಶ ನೋಡೋದು ಉಳಿದಿದೆ. ಮುಗಿಸ್ತೀನಿ, ಇರೋ.”

ಎರಡನೇ ವಾರ ಒಂದು ಬೆಡ್‌ಶೀಟಿಗೆ ಬೆಕ್ಕಿನ ಆಕಾರದ ತೇಪೆ ಬಿತ್ತು. ಆಮೇಲೆ ಎಲೆ, ಮೀನು, ಕೊಡೆ. ಕೆಲಸವೂ ಮೊದಲಿಗಿಂತ ಬೇಗ ಮುಗಿಯತೊಡಗಿತು. ಮನೆಗೆ ಬಂದು ನಮ್ಮ ಜೊತೆ ಕೂತು ಹರಟಲು ಶುರುಮಾಡಿದಳು. ಸಿಡುಕು ಅವಳದ್ದಲ್ಲ, ಆ ರೂಮಿನದ್ದು ಎಂದು ನನಗೆ ಆಗ ಹೊಳೆಯಿತು.

ಮೂಳೆ ವಾರ್ಡಿನಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್ ಇದ್ದರು. ಸೊಂಟದ ಆಪರೇಷನ್ ಆಗಿತ್ತು. ನಡೆಯಿರಿ ಎಂದು ನರ್ಸಮ್ಮ ಐದು ದಿನ ಅಂಗಲಾಚಿದರೂ ಕಾಲು ಕೆಳಗಿಟ್ಟಿರಲಿಲ್ಲ. ಪಕ್ಕದ ಹಾಸಿಗೆಯವನು, “ನನ್ನ ಬೆಡ್‌ಶೀಟಲ್ಲಿ ಆನೆ ಇದೆ” ಎಂದು ಜಂಬ ಕೊಚ್ಚಿದ.

“ಅದು ಹಂದಿ ಕಣಯ್ಯಾ.”

“ಸೊಂಡಿಲು ಕಾಣಲ್ವಾ ನಿಮಗೆ?”

“ಅದು ಬಾಲ. ಇರು, ಬಂದು ತೋರಿಸ್ತೀನಿ.”

ಹಾಸಿಗೆಯಿಂದ ಇಳಿದು ನಾಲ್ಕು ಹೆಜ್ಜೆ ನಡೆದೇಬಿಟ್ಟರು. ಸಂಜೆಯೊಳಗೆ ಹನ್ನೆರಡು ಹಾಸಿಗೆಗಳಿಗೂ ಹೋಗಿ ತೀರ್ಪು ಕೊಟ್ಟು ಬಂದರು.

ಇಷ್ಟಾದರೂ ಪೈಪು ಸರಿಯಾದ ಕೂಡಲೇ ದೊಡ್ಡಮ್ಮ ಕೆಳಗೆ ಹೋಗಬೇಕಿತ್ತು. ಅವಳಿಗೆ ಆ ಯೋಚನೆಗೇ ಊಟ ಸೇರುತ್ತಿರಲಿಲ್ಲ. ಅರ್ಜಿ ಬರೆಯುವುದು ನನ್ನ ಪಾಲಿಗೆ ಬಂತು. ‘ಸದರಿ ಕಿಟಕಿಯು ಸದರಿ ನೌಕರಳಿಗೆ’ ಎಂದು ಓದಿ ಹೇಳಿದೆ.

“ಸದರಿ ಅಂದ್ರೆ ಯಾರೇ? ಕಿಟಕಿ ಬೇಕು ಅಂತ ಬರಿ, ಸಾಕು.”

ಅರ್ಜಿ ಸ್ಟೋರ್ ಸಾಹೇಬರ ಕೈಸೇರಿತು. ತೇಪೆ ಎಂದರೆ ಚೌಕವಾಗಿಯೇ ಇರಬೇಕು ಎನ್ನುವ ಮನುಷ್ಯ ಅವರು. ಎರಡೂ ನೆಲಮಾಳಿಗೆಯ ವಿಷಯವೇ ಎಂದು ಅರ್ಜಿಯನ್ನು ಪೈಪಿನ ಫೈಲಿಗೇ ಪೋಣಿಸಿ ದೊಡ್ಡ ಡಾಕ್ಟರಿಗೆ ಕಳಿಸಿದರು. ಫೈಲು ವಾಪಸು ಬಂದಾಗ ಮೇಲೆ ಹೀಗೆ ಬರೆದಿತ್ತು: ‘ಈ ತೇಪೆ ಕೆಲಸ ಇನ್ನು ಸಾಕು. ಪೂರ್ತಿ ಕಿತ್ತು ಹಾಕಿ.’

ಸ್ಟೋರ್ ಸಾಹೇಬರು ಮೂರನೇ ಮಹಡಿ ಹತ್ತಿ ಅದನ್ನು ಓದಿ ಹೇಳಿದರು.

“ನನ್ನನ್ನಾ ಸಾರ್?” ಎಂದಳು ದೊಡ್ಡಮ್ಮ. ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು.

“ನಾನೇನ್ ಮಾಡ್ಲಿ ತಾಯಿ. ಚೌಕ ಹಾಕಿ ಅಂದೆ, ನೀವು ಆನೆ ಹಾಕಿದ್ರಿ.”

ಆದೇಶವೆಂದರೆ ಆದೇಶ. ಆಗಲೇ ಅವರು ಲಾಂಡ್ರಿಯವನ ಕೈಗೆ ಬ್ಲೇಡು ಕೊಟ್ಟು, ವಾರ್ಡಿಗೆ ಹೋಗಿ ತೇಪೆಗಳನ್ನೆಲ್ಲ ಕಿತ್ತು ಹಾಕಲು ಹೇಳಿಯಾಗಿತ್ತು. ಅರ್ಧ ಗಂಟೆಯಲ್ಲಿ ಮೂಳೆ ವಾರ್ಡಿನ ಬೆಡ್‌ಶೀಟುಗಳೆಲ್ಲ ಕಿಂಡಿ ಕಿಂಡಿಯಾದವು. ಆನೆಯ ಸರದಿ ಬಂದಾಗ ಡ್ರೈವರ್ ಹಾಸಿಗೆಗೆ ಅಡ್ಡ ನಿಂತರು.

“ನನ್ನ ಹಂದಿ ಮುಟ್ಟಿದ್ರೆ ನೋಡು!”

“ಆನೆ!” ಎಂದು ಕೂಗಿದ ಪಕ್ಕದವನು.

ಗದ್ದಲಕ್ಕೆ ದೊಡ್ಡ ಡಾಕ್ಟರೇ ಓಡಿ ಬಂದರು. ಹಿಂದಿನಿಂದ ಸ್ಟೋರ್ ಸಾಹೇಬರು ಫೈಲು ಹಿಡಿದು, ಅವರ ಹಿಂದೆ ದೊಡ್ಡಮ್ಮ.

“ಅದು ಪೈಪಿನ ವಿಷಯ ಬರೆದದ್ದು ಕಣ್ರೀ!” ದೊಡ್ಡ ಡಾಕ್ಟರು ಹಣೆ ಚಚ್ಚಿಕೊಂಡರು. “ಎಷ್ಟು ಸಲ ರಬ್ಬರ್ ಸುತ್ತುತ್ತೀರಿ? ಹೊಸದು ಹಾಕಿಸಿ ಅಂತ!”

ಸ್ಟೋರ್ ಸಾಹೇಬರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಪೈಪು ಅಂತ ಎಲ್ಲೂ ಬರೆದಿಲ್ಲ ಸಾರ್.”

ದೊಡ್ಡಮ್ಮ ಅದುವರೆಗೆ ದೊಡ್ಡ ಡಾಕ್ಟರೆದುರು ತುಟಿ ಬಿಚ್ಚಿದವಳಲ್ಲ. ಅವತ್ತು ಮಾತಾಡಿದಳು.

“ಸಾರ್, ಇವನ್ನೆಲ್ಲ ಮತ್ತೆ ನಾನೇ ಹೊಲೀಬೇಕು. ಕೆಳಗೆ ಕೂತ್ರೆ ನನ್ನ ಕೈಗೆ ಚೌಕ ಬಿಟ್ಟು ಬೇರೆ ಬರಲ್ಲ, ಜೊತೆಗೆ ತಲೆನೋವು. ಮೇಲೆ ಕೂತ್ರೆ ಇಂಥವು ಬರ್ತವೆ. ಯಾವುದು ಬೇಕು, ನೀವೇ ಹೇಳಿ.”

ದೊಡ್ಡ ಡಾಕ್ಟರು ಕಿಂಡಿಬಿದ್ದ ಬೆಡ್‌ಶೀಟುಗಳನ್ನು ನೋಡಿದರು. ಆಮೇಲೆ, ಯಾರ ಆಸರೆಯೂ ಇಲ್ಲದೆ ಎದೆಯುಬ್ಬಿಸಿ ನಿಂತಿದ್ದ ಸೊಂಟದ ರೋಗಿಯನ್ನು ನೋಡಿದರು. ಪೆನ್ನು ತೆಗೆದು, ಈ ಸಲ ಪ್ರತಿ ಅಕ್ಷರವನ್ನೂ ಬಿಡಿಸಿ ಬರೆದರು: ‘ವಸ್ತ್ರ ದುರಸ್ತಿ ವಿಭಾಗವು ಮೂರನೇ ಮಹಡಿಯ ಕಿಟಕಿ ಕೋಣೆಯಲ್ಲೇ ಖಾಯಂ ಇರತಕ್ಕದ್ದು.’

ಮರುದಿನ ಸ್ಟೋರ್ ಸಾಹೇಬರು ಆದೇಶದ ಪ್ರತಿ ಕೊಡಲು ಬಂದರು. ಕೊಟ್ಟವರು ಹೋಗಲಿಲ್ಲ. ಕಿಟಕಿಯ ಬಳಿ ನಿಂತು, ಅಂಗಿಯ ಮೇಲಿನ ಗುಂಡಿ ಬಿಚ್ಚಿ, ನಿಧಾನವಾಗಿ ಉಸಿರೆಳೆದುಕೊಂಡರು.

“ಇಲ್ಲಿ ಗಾಳಿ ಚೆನ್ನಾಗಿದೆಯಲ್ಲಮ್ಮಾ.”

“ಹೌದು ಸಾರ್” ಎಂದಳು ದೊಡ್ಡಮ್ಮ, ಪ್ರತಿಯನ್ನು ಮಡಚಿ ಬ್ಲೌಸಿನೊಳಗೆ ಸೇರಿಸುತ್ತ. “ಹೋಗುವಾಗ ಬಾಗಿಲು ಮುಂದೆ ಮಾಡ್ಕೊಂಡು ಹೋಗಿ.”