ಮೂಕಿ ಚಿತ್ರದ ನಡುವೆ ಅಕ್ಕ ಎದ್ದು ನಿಂತದ್ದು

ಅಕ್ಕನಿಗೆ ಕಿವಿ ಹೋದದ್ದು ಮಿದುಳು ಜ್ವರದಲ್ಲಿ. ಆಗ ಅವಳಿಗೆ ಇಪ್ಪತ್ತನಾಲ್ಕು. ಮಗಳಿಗೆ ಎರಡು ತುಂಬಿರಲಿಲ್ಲ. ಆಸ್ಪತ್ರೆಯಿಂದ ಅವಳನ್ನು ನೇರ ಮೈಸೂರಿಗೆ, ಯಾದವಗಿರಿಯ ನಮ್ಮ ಮನೆಗೆ ಕರೆತಂದೆವು. ಮಗು ಇಲವಾಲದಲ್ಲಿ, ಗಂಡನ ಮನೆಯಲ್ಲೇ ಉಳಿಯಿತು. ಅವರು ಕಳಿಸಲಿಲ್ಲ ಎಂದೇ ಅಕ್ಕ ನಂಬಿದ್ದಳು. ಗಂಡ ಇನ್ನೊಂದು ಮದುವೆಯಾದ. ಅಕ್ಕ ಹೊಲಿಗೆ ಕಲಿತು, ಬೀದಿಯ ಹೆಂಗಸರ ರವಿಕೆ ಹೊಲಿಯುತ್ತ ವರ್ಷ ಕಳೆದಳು.

ತೊಂಬತ್ತರ ದಶಕದ ನಡುವೆ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ನಾವು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಹಳೆಯ ಸಿನಿಮಾ ತೋರಿಸುತ್ತಿದ್ದೆವು. ಒಮ್ಮೆ ಮೂಕಿ ಚಿತ್ರವೊಂದು ಬಂತು. ಯೂರೋಪಿನ ಹೆಸರಾಂತ ಹಳೆಯ ಕಾದಂಬರಿಯೊಂದರಿಂದ ತೆಗೆದದ್ದು. ಪಾತ್ರಗಳ ಮಾತು ನಡುನಡುವೆ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಮೂಡುತ್ತಿತ್ತು. ಅದನ್ನು ಕನ್ನಡ ಮಾಡಿ ಮೈಕಿನಲ್ಲಿ ಓದುವ ಕೆಲಸ ನನ್ನದು. ಕಿವಿ ಹೋದಮೇಲೆ ಅಕ್ಕ ಸಿನಿಮಾ ನೋಡಿರಲಿಲ್ಲ. ಮಾತುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟು, ಕೈಗೊಂದು ಪುಟ್ಟ ಟಾರ್ಚು ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದೆ. ಕಥೆಯ ಬಗ್ಗೆ ಯೋಚಿಸಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಇಷ್ಟು ವರ್ಷವಾಯಿತಲ್ಲ ಅಂದುಕೊಂಡೆ.

ಕಥೆಯಲ್ಲಿ ಬಡ ಸೊಸೆಯೊಬ್ಬಳ ಮಗುವನ್ನು ಇಟ್ಟುಕೊಂಡು ಅವಳನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಬೆಳೆದ ಮಗು ತಾಯಿ ಎಲ್ಲಿ ಎಂದು ಕೇಳಿದಾಗ ತಾತ ಹೇಳುತ್ತಾನೆ: "ನಿನ್ನ ತಾಯಿ ತಾನಾಗಿಯೇ ನಿನ್ನನ್ನು ಬಿಟ್ಟುಕೊಟ್ಟಳು."

ನಾನು ಓದಿ ಮುಗಿಸುವುದರಲ್ಲಿ ಅಕ್ಕ ಎದ್ದು ನಿಂತಿದ್ದಳು.

"ಸುಳ್ಳು ಕಣ್ರೀ! ಅವ್ಳು ಕೊಡ್ಲಿಲ್ಲ! ಕಿತ್ಕೊಂಡ್ಬುಟ್ರು!"

ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಯಾರೋ ನಕ್ಕರು. "ಕೂತ್ಕೊಳ್ಳಮ್ಮ, ಕಾಣಲ್ಲ" ಎಂದರು ಇನ್ನೊಬ್ಬರು. ನಾನು ಇಳಿದು ಅವಳ ಬಳಿ ಹೋಗಬೇಕಿತ್ತು. ಮೈಕಿಗೆ ಬಗ್ಗಿ ಮುಂದಿನ ಮಾತು ಓದಿದೆ.

ಮನೆಗೆ ಬಂದಮೇಲೆ ಅಕ್ಕ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು.

"ಆಸ್ಪತ್ರೇಲಿ ಅಪ್ಪ ಸಹಿ ಹಾಕಿಸ್ಕೊಂಡ್ರಲ್ಲ, ಅದೇನು ಕಾಗ್ದ?"

ಅಪ್ಪ ತೀರಿಕೊಂಡು ಆಗಲೇ ಮೂರು ವರ್ಷ. ಅವತ್ತು ಅವರು ಛಾಪಾಕಾಗದವನ್ನು ಮಡಿಸಿ, ಸಹಿಯ ಜಾಗವಷ್ಟನ್ನೇ ತೋರಿಸಿದ್ದರು. ಅಕ್ಕ ಏನೆಂಬಂತೆ ನನ್ನ ಮುಖ ನೋಡಿದ್ದಳು. ನನಗಾಗ ಇಪ್ಪತ್ತು. 'ಆಸ್ಪತ್ರೇದು' ಎಂದು ತುಟಿ ಅಲ್ಲಾಡಿಸಿದ್ದೆ. ಅವಳು ಸಹಿ ಹಾಕಿದ್ದಳು.

ಈಗ ಪೆನ್ನು ತೆಗೆದುಕೊಂಡು ಬರೆದೆ: 'ಮಗು ಅವರ ಹತ್ತಿರವೇ ಇರಲಿ ಅಂತ.'

ಎರಡು ಸಲ ಓದಿದಳು. "ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ನಾಳೆ ಇಲವಾಲಕ್ಕೆ ಕರ್ಕೊಂಡ್ ಹೋಗು" ಎಂದಳು.

ಅಕ್ಕನ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಕಂಡು ಏಳಲಿಲ್ಲ. ಅಷ್ಟರಲ್ಲಿ ಹುಡುಗಿ ಸ್ಕೂಲಿನಿಂದ ಬಂತು. ಅಕ್ಕನದೇ ಹಣೆ.

"ಯಾರಜ್ಜಿ ಇವ್ರು?"

"ಮೈಸೂರೋರು ಕಣವ್ವ, ರವ್ಕೆ ಹೊಲ್ಯೋರು. ನಿಮ್ಮವ್ವ ಕರೀತಾವ್ಳೆ, ಒಳಕ್ಕೋಗು."

ಅಕ್ಕ ನನ್ನತ್ತ ತಿರುಗಿದಳು. ಈ ಸಲ ಕೇಳಿದ್ದನ್ನು ಕೇಳಿದಂತೆಯೇ ಬರೆದು ತೋರಿಸಿದೆ. ಓದಿದವಳೇ ಹುಡುಗಿಯ ಬಳಿ ಹೋದಳು. "ಹೌದು ಕಣಮ್ಮ, ಹೊಲ್ಯೋಳು. ಬಾ, ಅಳತೆ ತಗೋತೀನಿ" ಎಂದು ಗೇಣು ಹಾಕಿ ಹೆಗಲು ಅಳೆದಳು, ಬೆನ್ನು ಅಳೆದಳು, ಸೊಂಟ ಅಳೆದಳು. ಅಳೆದ ಹೆಗಲನ್ನೇ ಮತ್ತೆ ಅಳೆದಳು. ಹುಡುಗಿ ಕಚಗುಳಿಯಾಗಿ ನಕ್ಕಿತು. ಅತ್ತೆ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

ಹದಿನೈದು ದಿನಕ್ಕೆ ಹಸಿರು ಲಂಗ ರವಿಕೆ ಹೊಲಿದು ತೆಗೆದುಕೊಂಡು ಹೋದೆವು. ಅತ್ತೆ ಬಾಗಿಲಲ್ಲೇ ಇಸಕೊಂಡರು. "ಮಗೀಗೆ ಏನೂ ಗೊತ್ತಿಲ್ಲ. ಇನ್ನು ಬರ್ಬ್ಯಾಡಿ" ಎಂದರು. ಅದನ್ನೂ ಬರೆದು ತೋರಿಸಿದೆ. ಅಕ್ಕ ಮತ್ತೆ ಹೋಗಲಿಲ್ಲ.

ಅವಳು ಇನ್ನೂ ಹತ್ತು ವರ್ಷ ನನ್ನ ಜೊತೆಯಲ್ಲೇ ಇದ್ದಳು. ಅಡುಗೆ ಮಾಡಿ ಬಡಿಸುತ್ತಿದ್ದಳು, ನನ್ನ ಸೀರೆಗಳಿಗೆ ಫಾಲ್ಸ್ ಹಚ್ಚುತ್ತಿದ್ದಳು. ನಾನು ಮಾತನಾಡಿದರೆ ಮಾತ್ರ ತುಟಿ ನೋಡುತ್ತಿರಲಿಲ್ಲ. ನೋಟ್‌ಬುಕ್ ಮುಂದೆ ತಳ್ಳುತ್ತಿದ್ದಳು.

ಹೃದಯದ ಕಾಯಿಲೆಯಿಂದ ಅವಳು ಸತ್ತ ಮೇಲೆ, ಮಗಳಿಗೆ ತಿಳಿಸಬೇಕೆಂದು ಇಲವಾಲಕ್ಕೆ ಹೋದೆ. ಆ ಮನೆಯಲ್ಲಿ ಬೇರೆ ಯಾರೋ ಇದ್ದರು. ಹುಡುಗಿಯನ್ನು ಹುಣಸೂರಿನ ಕಡೆ ಕೊಟ್ಟಿದ್ದಾರೆ ಎಂದಳು ಪಕ್ಕದ ಮನೆಯಾಕೆ. ಊರು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಇನ್ನೆರಡು ಮನೆ ಕೇಳಿದ್ದರೆ ಗೊತ್ತಾಗುತ್ತಿತ್ತೋ ಏನೋ. ಮೈಸೂರಿನ ಬಸ್ಸು ಬಂತು, ಹತ್ತಿಬಿಟ್ಟೆ.