ರೂಮಿಗೆ ಹೇಳಿದ ಸುಳ್ಳು

ಅವರ ಮುಖಕ್ಕೆ ಎರಡು ಬಣ್ಣ ಇತ್ತು. ಎಡಗೆನ್ನೆ ದೋಸೆ ಕಾವಲಿಯಷ್ಟು ಕಪ್ಪು, ಬಲಗೆನ್ನೆ ಸಾಧಾರಣ ಗೋಧಿ ಬಣ್ಣ. ಉಡುಪಿ–ಮಣಿಪಾಲ ಸಿಟಿ ಬಸ್ಸಿನ ಬಾಗಿಲಲ್ಲಿ ವರ್ಷಗಟ್ಟಲೆ ಎಡಕ್ಕೆ ವಾಲಿ ನಿಂತವರ ಮುಖ ಅದು. ಬಿಸಿಲು ಹೊಡೆದದ್ದು ಅರ್ಧಕ್ಕೆ ಮಾತ್ರ. ಯಾರಾದರೂ ತಮಾಷೆ ಮಾಡಿದರೆ, "ಬಲಗಡೆಯದ್ದು ಹೆಂಡತಿಗೆ ತೋರಿಸ್ಲಿಕ್ಕೆ ಇಟ್ಟದ್ದು ಮಾರಾಯ್ರೆ" ಎನ್ನುತ್ತಿದ್ದರು. ಹೆಂಡತಿ ಇದ್ದದ್ದು ತುಳು ಸೀಮೆಯದ್ದೇ ಊರಾದ ಬೆಳ್ಮಣ್‌ನಲ್ಲಿ. ಇವರು ವಾರವಿಡೀ ಉಡುಪಿಯಲ್ಲಿ ಡ್ರೈವರನ ಜೊತೆ ಒಂದು ರೂಮಿನಲ್ಲಿದ್ದು, ರಜೆಯ ದಿನ ಮಾತ್ರ ಊರಿಗೆ ಹೋಗುತ್ತಿದ್ದರು. ನಾನು ಅವರನ್ನು ಕರೆದದ್ದು ಕಂಡಕ್ಟರಣ್ಣ ಎಂದು. ಕಡೆಯವರೆಗೂ ಹಾಗೆಯೇ.

ನಾವು ಘಟ್ಟದವರು. ಈ ಮಾತನ್ನು ಇಲ್ಲಿ ಸಲೀಸಾಗಿ ಬರೆದೆ, ಬಾಯಲ್ಲಿ ಹೇಳಲಿಕ್ಕೆ ನನಗೆ ಇವತ್ತಿಗೂ ಬರುವುದಿಲ್ಲ. ಇಲ್ಲಿಯವರಿಗೆ ಘಟ್ಟದ ಮೇಲಿನವರೆಲ್ಲ ಘಟ್ಟದವರೇ. ಆದರೂ ಕಾರಿನಲ್ಲಿ ಬಂದಿಳಿದವರನ್ನು ಹಾಗೆ ಕರೆದದ್ದನ್ನು ನಾನಂತೂ ಕೇಳಿಲ್ಲ. ಬುಟ್ಟಿ, ಗುದ್ದಲಿ ಹಿಡಿದು ಬಂದವರಿಗೆ ಮಾತ್ರ ಆ ಹೆಸರು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಪ್ಪ ಬದಾಮಿ ಕಡೆಯ ಹಳ್ಳಿಯಿಂದ ಮೊದಲೇ ಬಂದು ಮಣಿಪಾಲದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ್ದ. ಕೆಲವು ವರ್ಷಗಳ ನಂತರ ಅವ್ವ ನನ್ನನ್ನು ಕರೆದುಕೊಂಡು ಬಂದಳು. ಆಗ ನಾನು ಮೂರನೇ ಕ್ಲಾಸು.

ಬೆಳಿಗ್ಗೆ ಉಡುಪಿಯಲ್ಲಿ ಇಳಿದು ನಾವು ಹತ್ತಿದ್ದು ಕಂಡಕ್ಟರಣ್ಣನ ಬಸ್ಸನ್ನೇ. ಕಾಲಿಡಲು ಜಾಗ ಇಲ್ಲ. ಅವ್ವನ ತಲೆಯ ಮೇಲೆ ಗಂಟು, ಕಂಕುಳಲ್ಲಿ ರೊಟ್ಟಿಯ ಬುತ್ತಿ. ಬಾಗಿಲಿಂದ ಇವರು ತುಳುವಿನಲ್ಲಿ ಕೂಗಿದರು, "ಪಿರ ಪೋಲೆ! ಪಿರ ಪೋಲೆ!"

"ಏನಂತಾರವ್ವಾ ಅವ್ರು?" ಅವ್ವ ಪಕ್ಕದವಳನ್ನು ಕೇಳಿದಳು.

"ಹಿಂದೆ ಹೋಗಿ ಅಂತ" ಎಂದಳು ಆ ಹೆಂಗಸು.

ಅವ್ವನ ಮುಖ ಸಪ್ಪಗಾಯಿತು. ಮುಂದಿನ ಸ್ಟಾಪಿನಲ್ಲಿ ನನ್ನ ಕೈ ಎಳೆದುಕೊಂಡು ಇಳಿದೇ ಬಿಟ್ಟಳು. ಕಾಲಿಟ್ಟ ದಿನವೇ ಹಿಂದೆ ಹೋಗಿ ಅಂದರೆ ಮತ್ತೇನು ಮಾಡುವುದು? ಬಂದ ದಾರಿಗೆ ಸುಂಕ ಇಲ್ಲ ಎಂದು ಊರಿಗೇ ಹೋಗುವವಳು, ಅಪ್ಪನಿಗೆ ಒಂದು ಮಾತು ಹೇಳಿ ಹೋಗೋಣ ಎಂದು ಆ ಏರುರಸ್ತೆಯಲ್ಲಿ ಗಂಟು ಹೊತ್ತು ಮಣಿಪಾಲದವರೆಗೆ ನಡೆದಳು. ಅಪ್ಪ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನಗಲಿಲ್ಲ.

ಎರಡು ದಿನ ಬಿಟ್ಟು ಪೇಟೆಗೆ ಹೋಗಲು ನಿಂತಾಗ ಅದೇ ಬಸ್ಸು ಬಂತು. ಅವ್ವ ಹತ್ತಲಿಲ್ಲ. "ಬನ್ನಿ ಅಕ್ಕಾ" ಎಂದು ಇವರು ಕರೆದರು. "ಒಲ್ಲೆ ಬಿಡ್ರಿ. ಮೊನ್ನಿ ನೀವ ಹೇಳಿದ್ರಲ್ಲಾ, ಹೊಳ್ಳಿ ಹೋಗ್ರಿ ಅಂತ" ಎಂದಳು ಅವ್ವ. ಬಸ್ಸಿನೊಳಗೆ ಒಂದೇ ನಗೆ. ಇವರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಇವರು ಮಾತ್ರ ನಗದೆ ಕೆಳಗಿಳಿದು ಬಂದರು. "ಅಯ್ಯೋ ದೇವರೇ! ಬಸ್ಸಿನಲ್ಲಿ ಹಿಂದೆ ಹೋಗಿ ಅಂದದ್ದು ಅಕ್ಕಾ. ಊರಿಗಲ್ಲ." ಅವ್ವನ ಬುಟ್ಟಿಯನ್ನು ತಾವೇ ಬಸ್ಸಿಗೆ ಎತ್ತಿಟ್ಟರು.

ಅವತ್ತಿನಿಂದ ಅವರ ಕೂಗು ಬದಲಾಯಿತು. ಬೇರೆ ಬಸ್ಸಿನವರೆಲ್ಲ ಪಿರ ಪೋಲೆ ಎಂದು ಗಂಟಲು ಹರಿದುಕೊಳ್ಳುವಾಗ, ಇವರು ಬುಟ್ಟಿ ಗುದ್ದಲಿ ಕಂಡರೆ ಸಾಕು, ಪುಸ್ತಕ ಓದಿದ ಹಾಗೆ ಅಚ್ಚುಕಟ್ಟು ಕನ್ನಡದಲ್ಲಿ ಹೇಳುತ್ತಿದ್ದರು, "ಹಿಂದೆ ಜಾಗ ಉಂಟು, ಬನ್ನಿ." ಎಷ್ಟೋ ಸಲ ಹಿಂದೆ ಒಂದು ಸೂಜಿಗೂ ಜಾಗ ಇರುತ್ತಿರಲಿಲ್ಲ, ಅದು ಬೇರೆ ವಿಷಯ.

ನಾನು ಅದೇ ಬಸ್ಸಿನಲ್ಲಿ ಶಾಲೆಗೆ ಹೋದೆ. ತುಳು ಕಲಿತದ್ದು ಅವರ ಹತ್ತಿರವೇ, ಫುಟ್‌ಬೋರ್ಡಿನ ಪಕ್ಕದ ಸೀಟಿನಲ್ಲಿ. "ಅಪ್ಪೆ ಓಲು?" ಎಂದು ಕೇಳಿದರೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾನೆ ಎಂದೆ. ಆಮೇಲೆ ಗೊತ್ತಾಯಿತು, ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ. "ಹಂಗಾರ ಇಷ್ಟ ದಿನ ನಾನು ನಿನ್ನ ಅಪ್ಪ ಆಗಿದ್ದೆ ಅನ್ನು!" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಈ ಊರಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಕಟ್ಟಡ ಮುಗಿಯಿತು. ನಾವಿದ್ದ ತಗಡಿನ ಶೆಡ್ಡು ಬಿಚ್ಚಿದರು. ಊರಿಗೆ ಹೋದರೆ ನನ್ನ ಶಾಲೆ ತಪ್ಪುತ್ತದೆ, ಇಲ್ಲಿರೋಣವೆಂದರೆ ರೂಮ್ ಇಲ್ಲ. ಖಾಲಿ ಇರಲಿಲ್ಲ ಅಂತಲ್ಲ. ಗೇಟಿನ ಹೊರಗೇ ನಿಲ್ಲಿಸಿ, "ತಪ್ಪು ತಿಳ್ಕೊಳ್ಬೇಡಿ, ಘಟ್ಟದವರಿಗೆ ಕೊಡುವುದಿಲ್ಲ" ಎಂದು ನಯವಾಗಿ ಹೇಳುವವರು. ನಾವು ತಪ್ಪು ತಿಳಿದುಕೊಳ್ಳದೆ ಮುಂದಿನ ಗೇಟಿಗೆ ಹೋಗುತ್ತಿದ್ದೆವು.

ಕಂಡಕ್ಟರಣ್ಣನಿಗೆ ಇಂದ್ರಾಳಿಯಲ್ಲಿ ಒಬ್ಬ ಅಜ್ಜಿಯ ಪರಿಚಯ ಇತ್ತು. ಮನೆಯ ಹಿಂದೆ ಒಂದು ರೂಮ್ ಬಾಡಿಗೆಗೆ ಕೊಡುವವರು. ಅವರ ಹತ್ತಿರ ಹೋಗಿ, "ನಮ್ಮ ಬೆಳ್ಮಣ್‌ನವರು ಅಜ್ಜಿ. ನಮ್ಮ ಮನೆಯ ಹತ್ತಿರವೇ" ಎಂದುಬಿಟ್ಟರು. ಅಪ್ಪನಿಗೆ ಸೈಟಿನ ತುಳು ಇತ್ತು, ನನಗೆ ಬಸ್ಸಿನ ತುಳು. ಅವ್ವನದ್ದೇ ತೊಂದರೆ. "ಅಕ್ಕಾ, ಸ್ವಲ್ಪ ದಿನ ನೀವು ಬಾಯಿ ಬಿಡಬೇಡಿ. ಮಾತು ಬರುವುದಿಲ್ಲ ಅಂತ ಹೇಳಿದ್ದೇನೆ" ಎಂದರು. ಅವ್ವ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಹೂಂ ಎಂದಳು. ಅವ್ವ ಆಡಿದ ಕಡೆಯ ಮಾತು ಅದು, ಕೆಲವು ತಿಂಗಳ ಮಟ್ಟಿಗೆ.

ಎಂಥ ಮಾತುಗಾತಿ ನನ್ನ ಅವ್ವ! ಕೋಳಿಯ ಜೊತೆಗೂ ಜಗಳ ಆಡುವವಳು. ಅಂಥವಳು ಬಾವಿಕಟ್ಟೆಯಲ್ಲಿ ಕೈಸನ್ನೆ ಮಾಡಿಕೊಂಡು ನೀರು ಸೇದುತ್ತಿದ್ದಳು. ಅಜ್ಜಿಗೆ ಅಯ್ಯೋ ಪಾಪ ಎನಿಸಿ ಮಟ್ಟುಗುಳ್ಳ ಬದನೆಯ ಸಾಂಬಾರು ತಂದುಕೊಡುತ್ತಿದ್ದರು. ಸಂಜೆ ಅವ್ವನ ಪಕ್ಕ ಕೂತು ತಮ್ಮ ಸೊಸೆಯ ಸುದ್ದಿಯನ್ನೆಲ್ಲ ತುಳುವಿನಲ್ಲಿ ತೋಡಿಕೊಳ್ಳುತ್ತಿದ್ದರು. ಮೂಕಿ, ಯಾರಿಗೆ ಹೇಳಿಯಾಳು ಎಂದು. ಅವ್ವನಿಗೆ ಅದರಲ್ಲಿ ಒಂದಕ್ಷರ ತಿಳಿಯದು. ಅಜ್ಜಿ ಅತ್ತಾಗ ಇವಳೂ ಕಣ್ಣೊರೆಸಿಕೊಳ್ಳುತ್ತಿದ್ದಳು. ನೋಡುತ್ತ ಕೂತ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸುತ್ತಿತ್ತು. ಆದರೆ ನಿಜ ಹೇಳುತ್ತೇನೆ, ಅದರ ಜೊತೆಗೆ ನನಗೆ ಒಂದು ಸುಖವೂ ಇತ್ತು. ಅವ್ವ ಸುಮ್ಮನಿದ್ದರೆ ನಾನು ಎಲ್ಲರಂತೆಯೇ ಇದ್ದೆ.

ನಾಲಿಗೆಯನ್ನೇನೋ ಕಟ್ಟಿ ಹಾಕಿದೆವು. ಕೈ ನೆನಪಾಗಲಿಲ್ಲ. ದಿನಾ ಬೆಳಿಗ್ಗೆ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಜೋಳದ ರೊಟ್ಟಿ ತಟ್ಟುವ ಸದ್ದು ಎರಡು ಮನೆಗೆ ಕೇಳುತ್ತದೆ. ಅದು ನಮಗೆ ಉಸಿರಾಟದಷ್ಟು ಅಭ್ಯಾಸ, ಹಾಗಾಗಿ ಯಾರಿಗೂ ಹೊಳೆಯಲೇ ಇಲ್ಲ. ಒಂದು ಬೆಳಿಗ್ಗೆ ಅಜ್ಜಿ ಬಾಗಿಲಲ್ಲಿ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ ಕನ್ನಡದಲ್ಲಿ ಕೇಳಿದರು, "ಬೆಳ್ಮಣ್‌ನಲ್ಲಿ ಯಾರು ಮಾರಾಯ್ತಿ ದಿನಾ ರೊಟ್ಟಿ ತಟ್ಟುವುದು?"

ಅವ್ವನ ಕೈ ನಿಂತಿತು. ಆಗಲೂ ಅವಳು ಬಾಯಿ ಬಿಡಲಿಲ್ಲ! ಹಿಟ್ಟಿನ ಕೈ ಎತ್ತಿಕೊಂಡು ಬರೀ ತಲೆ ಅಲ್ಲಾಡಿಸಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

ಸಂಜೆ ಅಜ್ಜಿ ಕಂಡಕ್ಟರಣ್ಣನನ್ನು ಕರೆಸಿದರು. ಖಾಕಿ ಬಟ್ಟೆಯಲ್ಲೇ ಬಂದು ಅಂಗಳದಲ್ಲಿ ನಿಂತರು. "ನನಗೆ ಯಾಕೆ ಸುಳ್ಳು ಹೇಳಿದ್ದು?" ಎಂದು ಅಜ್ಜಿ ರೇಗಿದರು.

"ನಿಜ ಹೇಳಿದ್ದರೆ ನೀವು ಬೀಗದಕೈ ಕೊಡ್ತಿದ್ರಾ ಅಜ್ಜಿ?"

ಇವರು ಅವ್ವನ ಕಡೆ ತಿರುಗಿದರು. "ಅಕ್ಕಾ, ಅಜ್ಜಿಗೆ ಸುಳ್ಳು ಹೇಳಿದ್ದಕ್ಕೆ ನನಗೆ ಬೇಸರ ಇಲ್ಲ. ನಿಮ್ಮನ್ನು ಮೂಕಿ ಮಾಡಿದೆನಲ್ಲ, ಅದಕ್ಕೆ ನಾಚಿಕೆ ಆಗ್ತದೆ. ನಮ್ಮ ಊರಿನ ಬಗ್ಗೆಯೇ ನಾಚಿಕೆ ಆಗ್ತದೆ." ಕಪ್ಪು ಕೆನ್ನೆಯೂ ಕೆಂಪಾಗಬಹುದೆಂದು ನಾನು ನೋಡಿದ್ದು ಆವತ್ತು.

ಅಜ್ಜಿ ಒಳಗೆ ಹೋಗುತ್ತ ಗೊಣಗಿದರು, "ರೂಮ್ ಇರಲಿ. ಆದರೆ ಇನ್ನು ಮೇಲೆ ಆ ಹೆಂಗಸು ಮಾತಾಡಲಿ. ಇಷ್ಟು ದಿನ ನಾನೊಬ್ಬಳೇ ಒದರಿದ್ದು." ಅವ್ವ ಮಾತಾಡಿದಳು ನೋಡಿ! ಅಜ್ಜಿ ತೀರಿಕೊಳ್ಳುವವರೆಗೂ ಇಬ್ಬರೂ ಬಾವಿಕಟ್ಟೆಯಲ್ಲಿ ಅವರವರ ಭಾಷೆಯಲ್ಲೇ ಜಗಳ ಆಡಿಕೊಂಡಿದ್ದರು. ನಾವು ಆ ರೂಮಿನಲ್ಲೇ ನಿಂತೆವು, ನಾನು ಅಲ್ಲಿಂದಲೇ ಓದಿದೆ. ಈಗ ಅದೇ ಓಣಿಯಲ್ಲಿ ನಮ್ಮದೇ ಸಣ್ಣ ಮನೆ ಉಂಟು.

ಉಂಟು ಎಂದೆ, ಕೇಳಿದಿರಲ್ಲ? ನನ್ನ ಬಾಯಲ್ಲಿ ಐತಿ ಎಂಬುದು ಬರುವುದಿಲ್ಲ. ಬರಿಸಿಕೊಳ್ಳುವುದಿಲ್ಲ. ಮಣಿಪಾಲದ ಒಂದು ಲ್ಯಾಬಿನಲ್ಲಿ ಕೌಂಟರ್ ಕೆಲಸ ನನಗೆ. ಯಾರು ಊರು ಕೇಳಿದರೂ ಬೆಳ್ಮಣ್ ಎನ್ನುತ್ತೇನೆ. ಒಮ್ಮೆ ಇಳಕಲ್ ಸೀರೆ ಉಟ್ಟ ಮುದುಕಿಯೊಬ್ಬಳು ಕೌಂಟರಿಗೆ ಬಂದು ನನ್ನ ಮುಖವನ್ನೇ ದಿಟ್ಟಿಸಿದಳು. "ಯವ್ವಾ, ನೀ ನಮ್ಮ ಕಡ್ಯಾಕಿ ಇದ್ದಂಗ ಕಾಣ್ತಿ. ಯಾವೂರು?"

"ಅಲ್ಲ, ನಾನು ಬೆಳ್ಮಣ್‌ನವಳು. ಅಲ್ಲಿ ಕೂತುಕೊಳ್ಳಿ."

ಮುದುಕಿ ಪೆಚ್ಚಾಗಿ ಹೋಗಿ ಕೂತಳು. ಅವಳ ಪಕ್ಕದ ಕುರ್ಚಿಯಲ್ಲಿ, ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದಿದ್ದ ಕಂಡಕ್ಟರಣ್ಣ ಇದ್ದರು. ಕೆಲಸ ಬಿಟ್ಟು ಕೆಲವು ವರ್ಷ ಆಗಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಸರದಿ ಬಂದಾಗ ಕೌಂಟರಿಗೆ ಬಗ್ಗಿ ಮೆಲ್ಲನೆ ಹೇಳಿದರು, "ಅದು ರೂಮಿಗೆ ಹೇಳಿದ ಸುಳ್ಳು ಮಗಾ. ರೂಮ್ ಸಿಕ್ಕಿತಲ್ಲ, ಇನ್ನು ಬಿಡು."

ಬೈದಿದ್ದರೆ ವಾಸಿ ಇತ್ತು. ನಾನು ತಲೆ ತಗ್ಗಿಸಿ ಅವರ ಹೆಸರು ಟೈಪ್ ಮಾಡಿದೆ.

ಕಳೆದ ಮಳೆಗಾಲದ ಕೊನೆಗೆ ಅವರು ಹೋದರು. ಅವರ ಡ್ರೈವರು ಫೋನ್ ಮಾಡಿ ತಿಳಿಸಿದರು. ಅವ್ವನೂ ನಾನೂ ಬಸ್ಸು ಹಿಡಿದು ಬೆಳ್ಮಣ್‌ಗೆ ಹೋದೆವು. ಇಷ್ಟು ವರ್ಷ ನನ್ನ ಊರು ಎಂದು ಹೇಳಿಕೊಂಡ ಊರಿಗೆ ನಾನು ಕಾಲಿಟ್ಟದ್ದು ಅದೇ ಮೊದಲ ಸಲ. ಯಾವ ಕಡೆ ತಿರುಗಬೇಕೆಂದು ಅಂಗಡಿಯಲ್ಲಿ ಕೇಳಬೇಕಾಯಿತು.

ಜಗಲಿಯಲ್ಲಿ ಮಲಗಿಸಿದ್ದರು. ಬಿಸಿಲಿಗೆ ಹೋಗದೆ ವರ್ಷಗಳಾಗಿ ಎರಡು ಕೆನ್ನೆಗೂ ಒಂದೇ ಬಣ್ಣ ಬಂದಿತ್ತು. ಬೇರೆ ಯಾರದೋ ಮುಖ ಎಂದು ಒಂದು ಗಳಿಗೆ ಅನಿಸಿತು. ನಮಸ್ಕಾರ ಮಾಡಿ ಅಂಗಳಕ್ಕೆ ಬಂದಾಗ ಹಿರಿಯರೊಬ್ಬರು ಹತ್ತಿರ ಬಂದು ನನ್ನನ್ನು ಕೇಳಿದರು, "ಈರೆನ ಊರು ಓಲು?" ನಿಮ್ಮ ಊರು ಎಲ್ಲಿ ಎಂದು.

ಬಾಯಿ ತೆರೆದೆ. ಸಿದ್ಧವಾಗಿದ್ದ ಉತ್ತರ ಒಂದೇ, ಅದನ್ನು ಅಲ್ಲಿ ಹೇಳುವಂತಿರಲಿಲ್ಲ. ಇನ್ನೊಂದು ಉತ್ತರ ಹೊರಗೆ ಬರಲಿಲ್ಲ. ಅವರು ಕಾಯುತ್ತಿದ್ದರು.

ಪಕ್ಕದಿಂದ ಅವ್ವ ಹೇಳಿದಳು. ಇಡೀ ಅಂಗಳಕ್ಕೆ ಕೇಳುವ ಹಾಗೆ. "ನಾವು ಬದಾಮಿ ಕಡೇವ್ರು ರೀ. ಈಗ ಉಡುಪ್ಯಾಗ ಅದೀವಿ. ಇಲ್ಲಿ ನಮ್ಮನ್ನ ಕರದು ಜಾಗಾ ಕೊಟ್ಟಾವ್ರು ಈ ಅಣ್ಣಾರ." ಆಮೇಲೆ ಸೆರಗು ಬಾಯಿಗೊತ್ತಿ ಅತ್ತಳು. ಒಳಗಿನಿಂದ ಅವರ ಹೆಂಡತಿ ಬಂದು ಅವ್ವನ ಕೈ ಹಿಡಿದು ಕೂರಿಸಿದರು.

ಹಿರಿಯರು ನನ್ನ ಕಡೆ ನೋಡಿ, "ನೀವೂ ಅಲ್ಲಿಯವರೇ?" ಎಂದರು.

ನಾನು ಹೌದೆಂದು ತಲೆ ಅಲ್ಲಾಡಿಸಿದೆ. ಬಾಯಿ ಬಿಡಲಿಲ್ಲ.